ಆದೇಶದ ಗಡಿ

ಮಳೆ, ಕಾಲ ಎಂಬ ಪದಗಳು ಕೂಡಿದಾಗ ಕಕಾರಕ್ಕೆ ಗಕಾರವು ಆದೇಶವಾಗಿ ಬಂದು ‘ಮಳೆಗಾಲ’ವಾಗುತ್ತದೆ. ಒಂದರ ಸ್ಥಾನದಲ್ಲಿ ಮತ್ತೊಂದು ಬರುವುದೇ ಆದೇಶ. ತಂತ್ರಾಂಶಗಳನ್ನು ಕಟ್ಟುವ ಸಾಧನಗಳೂ ಇದನ್ನೇ ಮಾಡುತ್ತವೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದ ‘ಮೇಕ್’, ಡಾಲರ್ ಚಿಹ್ನೆಯ ಮುಂದಿರುವ ಮ್ಯಾಕ್ರೋದ ಹೆಸರನ್ನು ತೆಗೆದು ಅದರ ಮೌಲ್ಯವನ್ನು ಇಡುತ್ತದೆ. ಹೆಸರಿಗೆ ಆವರಣವಿಲ್ಲದಿದ್ದರೆ ಮೊದಲ ಅಕ್ಷರವನ್ನಷ್ಟೇ ಹೆಸರೆಂದು ಭಾವಿಸುತ್ತದೆ. ಅದಕ್ಕೆ ಮೌಲ್ಯವಿಲ್ಲದಿದ್ದರೆ ಏನನ್ನೂ ಇಡದೆ, ದೋಷವನ್ನೂ ಹೇಳದೆ ಮುಂದೆ ಸಾಗುತ್ತದೆ. ಆದ್ದರಿಂದ ಹೆಸರಿನ ಕೊನೆಯನ್ನು ತೋರುವ ಚಿಹ್ನೆ ಅವಶ್ಯ.

ಕನ್ನಡಕ್ಕೆ ಈ ಅಗತ್ಯ ಇನ್ನೂ ಹೆಚ್ಚು. ಗೋವೆಯ ಕನ್ನಡಿಗರು ಇಂತಹ ಸಾಧನದಿಂದ ಹಲವು ಊರುಗಳಿಗೆ ಒಂದೇ ಆಮಂತ್ರಣದ ಮಾದರಿಯನ್ನು ಸಿದ್ಧಪಡಿಸುವರೆನ್ನಿ. ಇಂಗ್ಲಿಷಿನಲ್ಲಿ ಊರಿನ ಹೆಸರು ಬಿಡಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ವಿಭಕ್ತಿಪ್ರತ್ಯಯವು ಅದಕ್ಕೆ ಅಂಟಿಯೇ ಬರುತ್ತದೆ. ‘$(ಊರು)ಯಲ್ಲಿ’ ಎಂದು ಬರೆದರೆ ಆವರಣವು ಪ್ರಕೃತಿ ಪ್ರತ್ಯಯಗಳ ಗಡಿಯನ್ನು ಕಾಯುತ್ತದೆ. ‘ಪಣಜಿಯಲ್ಲಿ’ ಎಂಬುದು ಸರಿಯಾಗಿ ಮೂಡುತ್ತದೆ. ಆದರೆ ವಾಸ್ಕೋ ಬಂದೊಡನೆ ‘ವಾಸ್ಕೋಯಲ್ಲಿ’ ಎಂಬ ಅಪಶಬ್ದ! ‘ವಾಸ್ಕೋದಲ್ಲಿ’, ‘ಮಡಗಾಂವಿನಲ್ಲಿ’ ಎಂಬಲ್ಲಿನ ಆಗಮಗಳನ್ನು ಯಂತ್ರದ ಆದೇಶವು ಅರಿಯದು. ಪ್ರತ್ಯಯಸಹಿತವಾದ ರೂಪವನ್ನೇ ಮೌಲ್ಯವಾಗಿ ಕೊಡುವುದು ಸುಲಭವಾದ ಪರಿಹಾರ. ಪ್ರತಿಯೊಂದು ಹೆಸರಿಗೂ ತಕ್ಕ ರೂಪವನ್ನು ನಿರ್ಣಯಿಸಲು ಮಾತ್ರ ವ್ಯಾಕರಣ ಬಲ್ಲವರೇ ಬೇಕು.