ಶಿಂಚುವಿನಿಂದ ತಮ್ಮನಿಗೆ: ಬೂಟ್ ಎಲ್ಲಿಯವರೆಗೆ ಬಂತು?

ಶಿಂಚು, ತೈವಾನ್

ಚಿ. ಪ್ರಸನ್ನನಿಗೆ,

ತೈಪೆಯಿಂದ ನೈರುತ್ಯಕ್ಕೆ ಸುಮಾರು 70 ಕಿಲೋಮೀಟರ್ ದೂರದ ಶಿಂಚು ಗಾಳಿಗೆ ಹೆಸರಾದ ಊರು. ಆ ಗಾಳಿಯಲ್ಲಿ ಒಣಗಿಸಿದ ಅಕ್ಕಿ ಶಾವಿಗೆ ಇಲ್ಲಿಯವರ ಹೆಮ್ಮೆ. 1748ರಲ್ಲಿ ಕಟ್ಟಿದ ನಗರದೇವರ ಗುಡಿಯ ಸುತ್ತ ಅದನ್ನು ಮಾರುವ ಅಂಗಡಿಗಳೇ ಅಂಗಡಿಗಳು. ಅಮ್ಮನಿಗೆ ಇಷ್ಟನ್ನು ಓದಿ ಹೇಳು. ಇನ್ನು ಮುಂದಿನದೆಲ್ಲ ನಿನಗೆ. ಊರಂಚಿನಲ್ಲಿ 1980ರ ಡಿಸೆಂಬರಿನಲ್ಲಿ ಶುರುವಾದ ವಿಜ್ಞಾನ ಪಾರ್ಕ್ ಇದೆ. ನೀನು ನೋಡಿಕೊಳ್ಳುವ ಕಾಲೇಜು ಲ್ಯಾಬಿನ ಬಹುಪಾಲು ಕಂಪ್ಯೂಟರುಗಳ ನೆಟ್‌ವರ್ಕ್ ಚಿಪ್ಪಿನ ಮೇಲೆ ಪುಟ್ಟ ಏಡಿಯ ಗುರುತು ಇರುತ್ತದಲ್ಲ, ಆ ರಿಯಲ್‌ಟೆಕ್ ಕಂಪನಿಯ ಮುಖ್ಯ ಕಚೇರಿ ಈ ಪಾರ್ಕಿನಲ್ಲಿದೆ. ನೀನು ಡಿಸ್ಕ್ ನಕಲು ಮಾಡಲು ಬಳಸುವ ಕ್ಲೋನ್‌ಜಿಲ್ಲಾವನ್ನು ರೂಪಿಸಿದ ರಾಷ್ಟ್ರೀಯ ಹೈ ಪರ್ಫಾರ್ಮೆನ್ಸ್ ಕಂಪ್ಯೂಟಿಂಗ್ ಕೇಂದ್ರವೂ ಇದೇ ಪಾರ್ಕಿನಲ್ಲಿದೆ. ಚಿಪ್ಪಿನ ಮನೆ, ಇಮೇಜಿಂಗ್ ತಂತ್ರಾಂಶದ ಮನೆ ಎರಡೂ ಒಂದೇ ಬಡಾವಣೆಯಲ್ಲಿವೆ. ಆದರೂ ಇವೆರಡರ ನಡುವೆ ನಿನ್ನ ಕಂಪ್ಯೂಟರಿನಲ್ಲಿ ಮಾತು ಕಡಿಯುತ್ತದೆ. ಅದು ಯಾಕೆ, ಕಡಿದಾಗ ಹೇಗೆ ಯೋಚಿಸಬೇಕು ಎಂಬುದನ್ನು ಬಿಡಿಸಿ ಬರೆಯುತ್ತೇನೆ.

ಲ್ಯಾಬಿನಲ್ಲಿ ಇಮೇಜ್ ಹಾಕುವಾಗ ಒಂದು ಕಂಪ್ಯೂಟರ್ ನೆಟ್‌ವರ್ಕಿನಿಂದ ಬೂಟ್ ಆಗದಿದ್ದರೆ ಎಲ್ಲರೂ ಮಾಡುವುದು ಒಂದೇ: ಕೇಬಲ್ ಬದಲಿಸುತ್ತಾರೆ, ಸರ್ವರ್ ಮತ್ತೆ ಶುರುಮಾಡುತ್ತಾರೆ, ಬಯೋಸ್‌ನಲ್ಲಿ ಕಂಡದ್ದನ್ನೆಲ್ಲ ತಿರುಗಿಸುತ್ತಾರೆ. ನನ್ನ ವಾದ ಇಷ್ಟೇ: ಏನು ಕೆಟ್ಟಿದೆ ಎಂದು ಹುಡುಕುವ ಮೊದಲು ಬೂಟ್ ಎಲ್ಲಿಯವರೆಗೆ ಬಂತು ಎಂದು ಕೇಳಬೇಕು. ನೆಟ್‌ವರ್ಕ್ ಬೂಟ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ಒಂದು ಕೆಲಸವಲ್ಲ. ಹಿಂದಿನ ಕಾಲದ ಅಂಚೆ ಚೀಲ ಒಬ್ಬ ಓಟಗಾರನಿಂದ ಇನ್ನೊಬ್ಬನಿಗೆ ದಾಟುತ್ತಿದ್ದಂತೆ, ಅದು ನಾಲ್ಕೈದು ಕೈ ದಾಟುವ ಕೆಲಸ. ಕೊನೆಯ ಬಾರಿಗೆ ಸರಿಯಾಗಿ ಕೈದಾಟಿದ್ದು ಎಲ್ಲಿ ಎಂಬುದು ಗೊತ್ತಾದರೆ, ಅದಕ್ಕೂ ಹಿಂದಿನದೆಲ್ಲವನ್ನೂ ಸಂಶಯದಿಂದ ಬಿಡಬಹುದು. ಆ ಒಂದು ತಿಳಿವಳಿಕೆ ಉಳಿದ ಎಲ್ಲ ಜಾಣ್ಮೆಗಿಂತ ಹೆಚ್ಚು ಸಮಯ ಉಳಿಸುತ್ತದೆ.

ಕೈಗಳು ಇಷ್ಟೊಂದಾಗಲು ಚರಿತ್ರೆಯೇ ಕಾರಣ. ಫೈಲು ಸಾಗಿಸುವ ಟಿಎಫ್‌ಟಿಪಿ ಎಂಬ ಸರಳ ಪದ್ಧತಿಯ ದಾಖಲೆ 1981ರದು. ಡಿಸ್ಕ್ ಇಲ್ಲದ ಯಂತ್ರ ತನ್ನ ವಿಳಾಸ ಕೇಳಿ ಪಡೆಯುವ ಬೂಟ್‌ಪಿ 1985ರಲ್ಲಿ ಬಂತು. ಅದನ್ನು ಬೆಳೆಸಿದ ಡಿಎಚ್‌ಸಿಪಿ 1993ರದು. ಇವನ್ನೆಲ್ಲ ಹೊಲಿದು ಇಂಟೆಲ್ ಕೊಟ್ಟ ಪಿಎಕ್ಸ್‌ಇ ನಿಯಮಾವಳಿಯ 2.1ನೇ ಆವೃತ್ತಿ 1999ರದು. ಹೀಗೆ ಬೇರೆ ಬೇರೆ ಕಾಲದವರು ಬೇರೆ ಬೇರೆ ಅಗತ್ಯಕ್ಕೆ ಮಾಡಿದ ತುಂಡುಗಳು ಒಂದರ ಬೆನ್ನಿಗೆ ಒಂದು ನಿಂತಿವೆ. ಕಾರ್ಡಿನಲ್ಲಿರುವ ಬೂಟ್ ರಾಮ್ (ROM) ಡಿಎಚ್‌ಸಿಪಿಯಿಂದ ವಿಳಾಸವನ್ನೂ ಫೈಲಿನ ಹೆಸರನ್ನೂ ಪಡೆಯುತ್ತದೆ. ಟಿಎಫ್‌ಟಿಪಿ ಆ ಫೈಲನ್ನು ತರುತ್ತದೆ. ಆ ಫೈಲು ಓಡಿ ಲಿನಕ್ಸ್ ಕರ್ನಲ್ಲನ್ನೋ ವಿಂಡೋಸ್ ಪಿಇಯನ್ನೋ ಎಬ್ಬಿಸುತ್ತದೆ. ಅದು ಎದ್ದು ಇಮೇಜನ್ನು ಡಿಸ್ಕಿಗೆ ಇಳಿಸುತ್ತದೆ. ಹಿಂದಿನವನು ಏನು ಮಾಡಿದ ಎಂಬುದು ಮುಂದಿನವನಿಗೆ ಬಹುಮಟ್ಟಿಗೆ ಗೊತ್ತಿಲ್ಲ. ಹೀಗಾಗಿ ಇಡೀ ವ್ಯವಸ್ಥೆಯಲ್ಲಿ ಎಲ್ಲವನ್ನೂ ಬಲ್ಲ ಒಬ್ಬನೂ ಇಲ್ಲ. ದೋಷ ಹೇಳುವವನು ತನ್ನ ಪಾಲಿನ ಕೆಲಸದ ಬಗ್ಗೆ ಮಾತ್ರ ಹೇಳಬಲ್ಲ.

ಅದಕ್ಕೇ ಪರದೆಯ ಮೇಲಿನ ಸಂದೇಶವನ್ನು ಕಾರಣವೆಂದು ಓದದೆ ಮೈಲಿಗಲ್ಲು ಎಂದು ಓದಬೇಕು. ಪಿಎಕ್ಸ್‌ಇ-ಇ51 ಎಂದರೆ ಯಾವ ಡಿಎಚ್‌ಸಿಪಿ ಸರ್ವರೂ ಉತ್ತರಿಸಲಿಲ್ಲ. ಪಿಎಕ್ಸ್‌ಇ-ಇ53 ಎಂದರೆ ಬೂಟ್ ಫೈಲಿನ ಹೆಸರು ಬರಲಿಲ್ಲ. ಎರಡೂ ಒಂದೇ ತರಹದ ಕಪ್ಪು ಪರದೆ, ಒಂದೇ ತರಹದ ನಿರಾಶೆ. ಆದರೆ ಎರಡನೆಯದು ದೊಡ್ಡ ಸುದ್ದಿಯೊಂದನ್ನು ಹೇಳುತ್ತಿದೆ: ಯಾರೋ ಉತ್ತರಿಸಿದ್ದಾರೆ. ಅಂದರೆ ಕೇಬಲ್ ಸರಿಯಿದೆ, ಸ್ವಿಚ್ಚಿನ ಪೋರ್ಟ್ ಸರಿಯಿದೆ, ಕಾರ್ಡ್ ಸರಿಯಿದೆ. ಹುಡುಕಾಟ ಈಗ ಸರ್ವರ್ ಕಡೆಗೆ ಹೋಗಬೇಕು: 66 ಮತ್ತು 67ನೇ ಆಯ್ಕೆಗಳಲ್ಲಿ ಸರ್ವರಿನ ಹೆಸರು, ಫೈಲಿನ ಹೆಸರು ತುಂಬಿದೆಯೇ? ವಿಳಾಸ ಕೊಡುವ ಸರ್ವರ್ ಬೇರೆ, ಬೂಟ್ ಸರ್ವರ್ ಬೇರೆ ಆಗಿದ್ದು, ಲ್ಯಾಬಿನ ವಿಲ್ಯಾನ್‌ನಿಂದ ಮೊದಲನೆಯದಕ್ಕೆ ಮಾತ್ರ ಕರೆ ದಾಟುವಂತೆ ಐಪಿ ಹೆಲ್ಪರ್ ಹಾಕಿದ್ದಾರೆಯೇ? ವೈಫೈಗೆಂದು ಯಾರಾದರೂ ಸಿಕ್ಕಿಸಿದ ಸಣ್ಣ ರೂಟರ್ ತಾನೇ ವಿಳಾಸ ಹಂಚುತ್ತಿದೆಯೇ? ಇ51 ಬಂದಾಗ ಈ ಪ್ರಶ್ನೆಗಳನ್ನು ಕೇಳುವುದೂ ವ್ಯರ್ಥ, ಇ53 ಬಂದಾಗ ಕೇಬಲ್ ಬದಲಿಸುವುದೂ ವ್ಯರ್ಥ. ಎರಡು ಅಂಕಿಯ ವ್ಯತ್ಯಾಸ ನಿನ್ನನ್ನು ಎರಡು ಬೇರೆ ಕೋಣೆಗಳಿಗೆ ಕಳಿಸಬೇಕು.

ಇ51ರಲ್ಲೇ ಒಂದು ಬಗೆ ಬಹಳ ಮೋಸದ್ದು: ಅದೇ ಕಂಪ್ಯೂಟರ್, ಅದೇ ಕೇಬಲ್, ವಿಂಡೋಸ್ ಎದ್ದ ಮೇಲೆ ನೆಟ್‌ವರ್ಕ್ ಚೆನ್ನಾಗಿ ನಡೆಯುತ್ತದೆ, ಬೂಟ್ ಮಾತ್ರ ಆಗುವುದಿಲ್ಲ. ಜಾಲದಲ್ಲಿ ಸುತ್ತು ಬೀಳದಂತೆ ಕಾಯಲು ರಾಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಸ್ಪ್ಯಾನಿಂಗ್ ಟ್ರೀ ಪದ್ಧತಿ ಇದರ ಹಿಂದಿರಬಹುದು. ಅದರ ಹಳೆಯ ಕ್ರಮದಲ್ಲಿ ಪೋರ್ಟಿಗೆ ಹೊಸದಾಗಿ ಜೀವ ಬಂದಾಗ ಸ್ವಿಚ್ 15 ಸೆಕೆಂಡು ಆಲಿಸುತ್ತದೆ, ಇನ್ನು 15 ಸೆಕೆಂಡು ಕಲಿಯುತ್ತದೆ, ಆಮೇಲಷ್ಟೇ ಮಾತು ದಾಟಿಸುತ್ತದೆ. ಆ 30 ಸೆಕೆಂಡಿನಲ್ಲಿ ಬೂಟ್ ರಾಮ್ ಕೂಗಿದ್ದು ಯಾರಿಗೂ ಕೇಳುವುದಿಲ್ಲ, ಮತ್ತು ಎಷ್ಟೋ ರಾಮ್‌ಗಳು ಅಷ್ಟು ಹೊತ್ತಿಗೆ ಕೈಚೆಲ್ಲಿರುತ್ತವೆ. ವಿಂಡೋಸ್‌ಗೆ ಕಾಯುವ ವ್ಯವಧಾನ ಇರುವುದರಿಂದ ಅದಕ್ಕೆ ಈ ತೊಂದರೆ ಗೊತ್ತೇ ಆಗುವುದಿಲ್ಲ. ಪರೀಕ್ಷೆ ಸುಲಭ: ಕಂಪ್ಯೂಟರಿಗೂ ಗೋಡೆಯ ಪೋರ್ಟಿಗೂ ನಡುವೆ ಒಂದು ಅಗ್ಗದ ಸಾದಾ ಸ್ವಿಚ್ ಇಡು. ಕಂಪ್ಯೂಟರ್ ಆರಿ ಹೊತ್ತಿದರೂ ದೊಡ್ಡ ಸ್ವಿಚ್ಚಿನ ಪೋರ್ಟ್ ಎಚ್ಚರವಾಗಿಯೇ ಇರುತ್ತದೆ. ಆಗ ಬೂಟ್ ಆದರೆ ಉತ್ತರ ಸಿಕ್ಕಿತು. ಲ್ಯಾಬಿನ ಪೋರ್ಟುಗಳಿಗೆ ಈ ಕಾಯುವಿಕೆಯನ್ನು ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಲು ಹೇಳು. ಗಮನಿಸಬೇಕಾದ್ದು ಇನ್ನೊಂದಿದೆ. ಕೈದಾಟಿದಾಗಲೆಲ್ಲ ಹೊಸಬ ಕಾರ್ಡನ್ನು ಮತ್ತೆ ಎಬ್ಬಿಸುವುದುಂಟು, ಆಗ ಪೋರ್ಟ್ ಮತ್ತೆ ಮಲಗಿ ಏಳುತ್ತದೆ. ಆದ್ದರಿಂದ ರಾಮ್ ವಿಳಾಸ ಪಡೆದು, ಅದು ತಂದ ಐಪಿಎಕ್ಸ್‌ಇ ಎಂಬ ಬೂಟ್ ತಂತ್ರಾಂಶ ವಿಳಾಸ ಸಿಗದೆ ನಿಲ್ಲಬಹುದು. ಒಮ್ಮೆ ಸಿಕ್ಕ ಐಪಿ ಮುಂದಿನ ಹಂತಕ್ಕೂ ಸಾಕ್ಷಿ ಎಂದು ಎಣಿಸಬಾರದು.

ವಿಳಾಸವೂ ಹೆಸರೂ ಸಿಕ್ಕು ಇ32 ಎಂದು ನಿಂತರೆ ಟಿಎಫ್‌ಟಿಪಿಯ ಸರದಿ. ಇಲ್ಲಿ ಫೈರ್‌ವಾಲಿನಲ್ಲಿ 69ನೇ ಪೋರ್ಟ್ ತೆರೆದಿದ್ದೇನೆ, ಇನ್ನೇನು ಎಂದು ಕೇಳುವವರು ಬಹಳ. ಬೇಡಿಕೆ 69ಕ್ಕೆ ಹೋಗುತ್ತದೆ ನಿಜ; ಆದರೆ ಸರ್ವರ್ ಫೈಲನ್ನು ಬೇರೊಂದು ಪೋರ್ಟಿನಿಂದ ಕಳಿಸುತ್ತದೆ. ನಡುವಿನ ಫೈರ್‌ವಾಲಿಗೆ ಅದು ಅಪರಿಚಿತನ ಮಾತು, ತಡೆದುಬಿಡುತ್ತದೆ. ಇನ್ನು ಬೂಟ್ ಆಗುತ್ತದೆ ಆದರೆ ತೀರ ನಿಧಾನ ಎನ್ನುವ ದೂರಿಗೂ ಲೆಕ್ಕದಲ್ಲೇ ಉತ್ತರವಿದೆ. ಮೂಲ ಟಿಎಫ್‌ಟಿಪಿ ಒಮ್ಮೆಗೆ 512 ಬೈಟ್ ಕಳಿಸಿ, ಮುಟ್ಟಿತು ಎಂಬ ಉತ್ತರ ಬಂದ ಮೇಲಷ್ಟೇ ಮುಂದಿನದನ್ನು ಕಳಿಸುತ್ತದೆ. 300 ಎಂಬಿ ಫೈಲಿಗೆ ಆರು ಲಕ್ಷಕ್ಕೂ ಹೆಚ್ಚು ಸಲ ಹೋಗಿ ಬರಬೇಕು. ಒಂದು ಸಲಕ್ಕೆ ಒಂದು ಮಿಲಿಸೆಕೆಂಡ್ ಹಿಡಿದರೂ ಹತ್ತು ನಿಮಿಷ. ತುಂಡಿನ ಗಾತ್ರವನ್ನು 1456 ಬೈಟಿಗೆ ಏರಿಸಿದರೆ ಅದು ನಾಲ್ಕು ನಿಮಿಷದೊಳಗೆ ಬರುತ್ತದೆ. ಸಣ್ಣ ಐಪಿಎಕ್ಸ್‌ಇ ಫೈಲನ್ನು ಮಾತ್ರ ಟಿಎಫ್‌ಟಿಪಿಯಲ್ಲಿ ತರಿಸಿ, ದೊಡ್ಡದನ್ನು ಎಚ್‌ಟಿಟಿಪಿಯಲ್ಲಿ ತರಿಸುವುದು ಇನ್ನೂ ಮೇಲು. ಸರ್ವರಿಗೆ ಹೆಚ್ಚಿನ ಮೆಮೊರಿ ಹಾಕುವುದರಿಂದಾಗಲಿ, ಗಿಗಾಬಿಟ್ ಕೇಬಲ್ ಎಳೆಯುವುದರಿಂದಾಗಲಿ ಈ ಕಾಯುವಿಕೆ ಅಷ್ಟಾಗಿ ಕರಗುವುದಿಲ್ಲ, ಏಕೆಂದರೆ ತಡ ಆಗುತ್ತಿರುವುದು ಹೋಗಿ ಬರುವುದರಲ್ಲಿ.

ಯುಇಎಫ್‌ಐ ಯಂತ್ರಗಳಲ್ಲಿ ಎನ್‌ಬಿಪಿ ಫೈಲ್ ಡೌನ್‌ಲೋಡ್ ಸಕ್ಸಸ್‌ಫುಲ್ ಎಂಬ ಅರ್ಥದ ಸಾಲು ಬಂದು, ಮರುಕ್ಷಣ ಮತ್ತೆ ಬೂಟ್ ಮೆನು ಕಾಣಿಸಿಕೊಂಡರೆ, ನೆಟ್‌ವರ್ಕನ್ನು ಅಲ್ಲಿಗೆ ಬಿಟ್ಟುಬಿಡು. ನೆಟ್‌ವರ್ಕ್ ತನ್ನ ಪಾಲಿನದನ್ನು ಮಾಡಿ ಮುಗಿಸಿದೆ. ಫೈಲು ಬಂದಿದೆ, ಯಂತ್ರ ಅದನ್ನು ಓಡಿಸಲು ಒಪ್ಪುತ್ತಿಲ್ಲ. ಹಳೆಯ ಬಯೋಸ್‌ಗೆಂದು ಮಾಡಿದ ಫೈಲನ್ನು ಯುಇಎಫ್‌ಐಗೆ ಕೊಟ್ಟಿದ್ದರೆ ಹೀಗಾಗುತ್ತದೆ. ಕಂಪ್ಯೂಟರ್ ತಾನು ಯಾವ ಜಾತಿಯ ಯಂತ್ರ ಎಂಬುದನ್ನು 93ನೇ ಆಯ್ಕೆಯಲ್ಲಿ ಹೇಳಿಯೇ ಕೇಳುತ್ತದೆ: 0 ಎಂದರೆ ಬಯೋಸ್, 7 ಎಂದರೆ ಸಾಮಾನ್ಯವಾಗಿ 64 ಬಿಟ್ ಯುಇಎಫ್‌ಐ. ಅದನ್ನು ನೋಡದೆ ಎಲ್ಲರಿಗೂ ಒಂದೇ ಹೆಸರು ಬರೆದಿಟ್ಟ ಸರ್ವರ್ ಅರ್ಧ ಲ್ಯಾಬನ್ನು ಎಬ್ಬಿಸಿ ಇನ್ನರ್ಧವನ್ನು ಮಲಗಿಸುತ್ತದೆ. ಜಾತಿ ಸರಿಯಿದ್ದೂ ಓಡದಿದ್ದರೆ ಸೆಕ್ಯೂರ್ ಬೂಟ್ ಅದರ ಸಹಿಯನ್ನು ನಂಬುತ್ತಿಲ್ಲವೇ ಎಂದು ನೋಡಬೇಕು.

ಈಗ ಶಿಂಚುವಿನ ವಿಷಯ. ಕರ್ನಲ್ ಎದ್ದಿತು, ಪರದೆಯ ತುಂಬ ಸಾಲು ಹರಿಯಿತು, ಆಮೇಲೆ ನೆಟ್‌ವರ್ಕ್ ಕಾರ್ಡೇ ಇಲ್ಲ ಎನ್ನುತ್ತದೆ. ಇದು ನೋಡಿದವರಿಗೆ ಅಸಾಧ್ಯ ಅನಿಸುತ್ತದೆ, ಏಕೆಂದರೆ ಆ ಕರ್ನಲ್ ಬಂದಿದ್ದೇ ಆ ಕಾರ್ಡಿನ ಮೂಲಕ. ಆದರೆ ಚಿಪ್ ಒಂದೇ, ಮಾತಾಡಿಸುವವರು ಇಬ್ಬರು. ಬೂಟ್ ಹೊತ್ತಿನಲ್ಲಿ ಅದನ್ನು ನಡೆಸಿದ್ದು ಫರ್ಮ್‌ವೇರಿನಲ್ಲಿರುವ ಚಾಲಕ; ಕರ್ನಲ್ ಎದ್ದ ಮೇಲೆ ಲಿನಕ್ಸಿನ ಸ್ವಂತ ಡ್ರೈವರ್ ಬೇಕು. ರಿಯಲ್‌ಟೆಕ್‌ನ 2.5 ಗಿಗಾಬಿಟ್ಟಿನ ಆರ್‌ಟಿಎಲ್8125 ಚಿಪ್ಪಿಗೆ ಲಿನಕ್ಸಿನ ಆರ್8169 ಡ್ರೈವರಿನಲ್ಲಿ ಬೆಂಬಲ ಬಂದಿದ್ದು 2019ರ ನವೆಂಬರಿನ 5.4 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಕರ್ನಲ್ ಇರುವ ಇಮೇಜಿಂಗ್ ಸರ್ವರ್ ಈ ಚಿಪ್ಪಿನ ಹೊಸ ಕಂಪ್ಯೂಟರನ್ನು ಎಬ್ಬಿಸುತ್ತದೆ, ಎಬ್ಬಿಸಿ ಕಿವುಡಾಗುತ್ತದೆ. ವಿಂಡೋಸ್ ಪಿಇಯಲ್ಲೂ ಇದೇ ಕತೆ: ಡಿಐಎಸ್‌ಎಂ ಬಳಸಿ ಬೂಟ್ ಇಮೇಜಿನೊಳಗೆ ಡ್ರೈವರ್ ಸೇರಿಸದಿದ್ದರೆ ಐಪಿ ಇಲ್ಲದ ಖಾಲಿ ಪರದೆ. ಚಿಪ್ ಮಾಡುವವರೂ ತಂತ್ರಾಂಶ ಮಾಡುವವರೂ ಒಂದೇ ಪಾರ್ಕಿನಲ್ಲಿದ್ದ ಮಾತ್ರಕ್ಕೆ ಈ ಹೊಲಿಗೆ ತಾನಾಗಿ ಕೂಡುವುದಿಲ್ಲ. ಹೊಲಿಗೆ ಬಿಚ್ಚುವುದು ತುಂಡಿನ ನಡುವೆ ಅಲ್ಲ, ಎರಡು ತುಂಡು ಸೇರುವಲ್ಲಿ. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ನೀನು ಕೇಳಬಹುದು: ಇಷ್ಟೆಲ್ಲ ಯಾಕೆ, ಪೆನ್‌ಡ್ರೈವ್ ಹಿಡಿದು ಒಂದೊಂದಕ್ಕೂ ಹಾಕಿದರಾಯಿತಲ್ಲ? ಎರಡು ಮೂರು ಕಂಪ್ಯೂಟರಿಗೆ ಅದೇ ಸರಿ, ನಾನೂ ಅದನ್ನೇ ಹೇಳುತ್ತೇನೆ. ಆದರೆ ಇಡೀ ಲ್ಯಾಬಿಗೆ ಪ್ರತಿ ವರ್ಷ ಹಾಗೆ ಮಾಡಿದರೆ ಪೆನ್‌ಡ್ರೈವಿನಲ್ಲಿರುವ ಇಮೇಜ್ ಹಳತಾಗುತ್ತದೆ, ಒಂದೊಂದು ಕಂಪ್ಯೂಟರೂ ಒಂದೊಂದು ಕಾಲದ್ದಾಗುತ್ತದೆ. ಮೇಲಾಗಿ ಡ್ರೈವರ್ ಮತ್ತು ಸೆಕ್ಯೂರ್ ಬೂಟ್ ತೊಂದರೆಗಳು ಪೆನ್‌ಡ್ರೈವಿನಲ್ಲೂ ತಪ್ಪುವುದಿಲ್ಲ. ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಅನುಭವಸ್ಥರು ಸೆಕ್ಯೂರ್ ಬೂಟ್, ಫೈರ್‌ವಾಲ್ ಎಲ್ಲ ಆರಿಸಿ ಐದು ನಿಮಿಷದಲ್ಲಿ ಕೆಲಸ ಮುಗಿಸುತ್ತಾರೆ. ನಿಜ, ಮುಗಿಸುತ್ತಾರೆ. ಪರೀಕ್ಷೆಗೆಂದು ಒಂದನ್ನು ಆರಿಸಿ ನೋಡುವುದು ನನಗೂ ಒಪ್ಪಿಗೆ. ಐದನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕಾರಣ ಎಂಬ ಸಾಕ್ಷ್ಯವೇ ಅಳಿಯುತ್ತದೆ, ಆರಿಸಿದ ರಕ್ಷಣೆ ಮತ್ತೆ ಹೊತ್ತುವುದಿಲ್ಲ, ಮುಂದಿನ ವರ್ಷ ಅದೇ ತೊಂದರೆ ಅದೇ ಅಜ್ಞಾನದೊಂದಿಗೆ ಬರುತ್ತದೆ. ಮೂರನೆಯದು, ಈಗ ಕಂಪ್ಯೂಟರುಗಳನ್ನು ಕ್ಲೌಡಿನಿಂದಲೇ ಸಿದ್ಧಪಡಿಸುತ್ತಾರೆ, ಇದು ಹಳೆಯ ವಿದ್ಯೆ ಎನ್ನುವ ಮಾತು. ಒಬ್ಬರಿಗೊಂದು ಲ್ಯಾಪ್‌ಟಾಪ್ ಕೊಡುವ ಕಂಪನಿಗೆ ಅದು ಸರಿ. ಇಂಟರ್ನೆಟ್ ಕೈಕೊಡುವ ಊರಿನ ಕಾಲೇಜಿನಲ್ಲಿ, ಪರೀಕ್ಷೆಯ ಹಿಂದಿನ ಸಂಜೆ ಇಡೀ ಲ್ಯಾಬನ್ನು ಒಂದೇ ಸ್ಥಿತಿಗೆ ತರಬೇಕಾದವನಿಗೆ ಕೋಣೆಯೊಳಗಿನ ಸರ್ವರೇ ದಿಕ್ಕು. ಕ್ಲೋನ್‌ಜಿಲ್ಲಾದ ಜೊತೆಗೆ ಅದೇ ಕೇಂದ್ರ ಡಿಸ್ಕ್ ಇಲ್ಲದ ಕಂಪ್ಯೂಟರುಗಳನ್ನು ನಡೆಸುವ ಡಿಆರ್‌ಬಿಎಲ್ ರೂಪಿಸಿ ಉಚಿತವಾಗಿ ಬಿಟ್ಟಿದ್ದು ಇಂಥ ಲ್ಯಾಬುಗಳಿಗೆ ವರವೇ ಆಗಿದೆ.

ಆದ್ದರಿಂದ ಲ್ಯಾಬಿನ ಗೋಡೆಗೆ ಒಂದು ಹಾಳೆ ಅಂಟಿಸು. ಲಿಂಕ್ ದೀಪ ಹೊತ್ತಿತೇ, ಐಪಿ ಬಂತೇ, ಫೈಲಿನ ಹೆಸರು ಬಂತೇ, ಫೈಲು ಪೂರ್ತಿ ಇಳಿಯಿತೇ, ಅದು ಓಡಿತೇ, ಓಡಿದ ಮೇಲೆ ಮತ್ತೆ ಐಪಿ ಬಂತೇ, ಇಮೇಜಿನ ಜಾಗ ಸಿಕ್ಕಿತೇ, ಇಷ್ಟನ್ನು ಇದೇ ಕ್ರಮದಲ್ಲಿ ಬರೆ. ಸಂದೇಹ ಬಂದಲ್ಲಿ ಸರ್ವರಿನಲ್ಲಿ ವೈರ್‌ಶಾರ್ಕ್ ತೆರೆದು, ಡಿಎಚ್‌ಸಿಪಿಯ ಕೂಗು ಅಲ್ಲಿಗೆ ಮುಟ್ಟಿತೇ ನೋಡು. ಮುಟ್ಟಿದ್ದರೆ ಸರ್ವರಿನ ಕಡೆ ಹುಡುಕು, ಇಲ್ಲವಾದರೆ ಕಂಪ್ಯೂಟರಿನ ಮತ್ತು ನಡುವಿನ ದಾರಿಯ ಕಡೆ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಬದಲಿಸಿದ್ದನ್ನು ಬರೆದಿಡು. ನಿನ್ನ ಕೈಕೆಳಗಿನ ಹುಡುಗರಿಗೂ ಹೀಗೆಯೇ ಕಲಿಸು. ಬಂದ ದೋಷಕ್ಕೆ ಮದ್ದು ಬಾಯಿಪಾಠ ಮಾಡಿದವನು ಹೊಸ ದೋಷದ ಎದುರು ಕೈಕಟ್ಟಿ ನಿಲ್ಲುತ್ತಾನೆ. ಎಲ್ಲಿಯವರೆಗೆ ಸರಿಯಿದೆ ಎಂದು ಅಳೆಯಲು ಕಲಿತವನಿಗೆ ಕಾಣದ ಯಂತ್ರವೂ ತನ್ನ ದಾರಿ ತೋರಿಸುತ್ತದೆ. ಮುಂದಿನ ಪತ್ರದಲ್ಲಿ, ನಿಂತ ಕಂಪ್ಯೂಟರುಗಳ ಪರದೆಯ ಕೊನೆಯ ಸಾಲನ್ನು ಇದ್ದದ್ದು ಇದ್ದ ಹಾಗೆ ಬರೆದು ಕಳಿಸು. ಕಾರಣ ಏನಿರಬಹುದು ಎಂಬ ನಿನ್ನ ಊಹೆಯನ್ನೂ ಅದರ ಕೆಳಗೆ ಬರೆ.



ಇಂತಿ ನಿನ್ನ
ಅಕ್ಕ