ಒಂದು ಗೇಣು ಆಟ

ನಮ್ಮ ಮನೆಯ ಜೀಪಿನ ಸ್ಟೇರಿಂಗಿನಲ್ಲಿ ಒಂದು ಗೇಣು ಆಟವಿತ್ತು. ಅಷ್ಟು ತಿರುಗಿಸುವವರೆಗೂ ಮುಂದಿನ ಗಾಲಿಗಳಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಆಟ ಎನ್ನುವುದು ನಮ್ಮ ಕಡೆಯ ಗ್ಯಾರೇಜಿನ ಮಾತು. ಬಿಗಿಯಾಗಿ ಕೂತಿರಬೇಕಾದ ಎರಡು ಭಾಗಗಳ ನಡುವೆ ಸವೆದು ಉಂಟಾದ ಸಡಿಲಕ್ಕೆ ಆ ಹೆಸರು.

ಹಿರೇಬೆಂಡಿಗೇರಿಯಲ್ಲಿ ಆ ಜೀಪನ್ನು ಹೊಡೆಯಬಲ್ಲವನು ಅಪ್ಪ ಒಬ್ಬನೇ. ನೇರ ರಸ್ತೆಯಲ್ಲೂ ಅವನ ಕೈ ಎಡಕ್ಕೆ ಬಲಕ್ಕೆ ಆಡುತ್ತಲೇ ಇರುತ್ತಿತ್ತು. ಪಕ್ಕದಲ್ಲಿ ಕೂತು ಬೆಳೆದ ನಾನು ಗಾಡಿ ಹೊಡೆಯುವುದೆಂದರೆ ಹೀಗೇ ಎಂದು ತಿಳಿದಿದ್ದೆ. ಧಾರವಾಡದಲ್ಲಿ ಕಾರು ಕಲಿಯಲು ಹೋದಾಗ ಕಲಿಸುವವರು, “ಕೈ ಸುಮ್ನ ಇಡ್ರಿ, ಗಾಡಿ ತಾನ ಹೊಕ್ಕೈತಿ” ಎಂದು ಗದರಿದರು. ಆ ಮಾತು ಊರಿಗೆ ಬಂದು ಹೇಳಿದರೆ ಅಪ್ಪ ನಕ್ಕುಬಿಟ್ಟ. “ಅದು ಕಾರು. ಇದು ನನ್ನ ಕೈ ಬಲ್ಲ ಗಾಡಿ. ನಿನಗ ಬಗ್ಗೂದಲ್ಲ ಯವ್ವಾ.”

ಕಳೆದ ಮಳೆಗಾಲದಲ್ಲಿ ಅಪ್ಪನ ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಗಾಡಿ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರು. ಒಂದು ರಾತ್ರಿ ಅವ್ವನಿಗೆ ಉಸಿರು ಹಿಡಿದುಕೊಂಡಿತು. ನನ್ನ ಬಳಿ ಲೈಸೆನ್ಸ್ ಇತ್ತು, ಅಂಗಳದಲ್ಲಿ ಜೀಪಿತ್ತು. ಅವ್ವನನ್ನು ಕೂರಿಸಿಕೊಂಡು ಊರ ಹೊರಗಿನ ತಿರುವಿನವರೆಗೆ ಹೋದೆ. ನಾನು ತಿರುಗಿಸಿದೆ, ಜೀಪು ತಿರುಗಲಿಲ್ಲ. ಇನ್ನಷ್ಟು ತಿರುಗಿಸಿದೆ, ಒಮ್ಮೆಲೇ ತಿರುಗಿತು. ಹತ್ತಿ ಹೊಲದ ಬದುವಿಗೆ ಮುಂಗಾಲಿ ತಾಗಿಸಿ ನಿಂತೆ. ಓಣಿಯ ಕಾಕಾ ಟಂಟಂ ತಂದು ಅವ್ವನನ್ನು ಶಿಗ್ಗಾವಿಗೆ ಮುಟ್ಟಿಸಿದರು. ಅವ್ವ ಹುಷಾರಾದಳು. ಆದರೆ ಅಪ್ಪನ ಜಾಣತನ ಎಂದು ಅಷ್ಟು ವರ್ಷ ಮೆಚ್ಚಿಕೊಂಡಿದ್ದರ ಇನ್ನೊಂದು ಮುಖ ಆ ಬದುವಿನ ಮೇಲೆ ನನಗೆ ಕಾಣಿಸಿತು. ಒಬ್ಬನ ಕೈಗೆ ಒಗ್ಗಿಹೋದ ದೋಷ ಆ ಒಬ್ಬ ಮಲಗಿದ ದಿನ ಮನೆಮಂದಿಗೆಲ್ಲ ದೋಷವೇ.

ಹಿಂದೆ ಒಬ್ಬ ಮೇಸ್ತ್ರಿ ಇದನ್ನು ಐದು ನಿಮಿಷದಲ್ಲಿ ರಿಪೇರಿ ಮಾಡಿದ್ದರಂತೆ. ಸ್ಟೇರಿಂಗ್ ಬಾಕ್ಸಿನ ಹೊಂದಾಣಿಕೆ ಸ್ಕ್ರೂ ಬಿಗಿ ಮಾಡಿ ಕಳಿಸಿದ್ದರು. ಅದು ಏಕೆ ನಿಲ್ಲಲಿಲ್ಲವೆಂದು ಈಗ ಗೊತ್ತಾಗಿದೆ. ಬಾಕ್ಸಿನೊಳಗೆ ತಿರುಪಿನಂಥದೊಂದು ಗೇರ್ ಇದೆ. ಅದರ ಸಾಲಿನಲ್ಲಿ ಒಂದು ತೋಳಿನ ಮೊಳೆ ಓಡಾಡುತ್ತದೆ. ಗಾಡಿ ಬಹುಪಾಲು ನೇರವಾಗಿಯೇ ಓಡುವುದರಿಂದ ನಡುವಿನ ಸಾಲೇ ಹೆಚ್ಚು ಸವೆಯುತ್ತದೆ. ಸವೆದ ನಡುವಿಗೆ ಸರಿಹೊಂದುವಂತೆ ಬಿಗಿ ಮಾಡಿದರೆ ಸವೆಯದ ತಿರುವಿನ ಜಾಗದಲ್ಲಿ ಅದು ಕಚ್ಚಿಕೊಳ್ಳುತ್ತದೆ. ತಿರುಗಿದ ಸ್ಟೇರಿಂಗ್ ತಾನಾಗಿ ಹೊಳ್ಳಿ ಬರುವುದಿಲ್ಲ. ಅಪ್ಪ ಮರುದಿನವೇ ಸ್ಕ್ರೂ ಸಡಿಲಿಸಿಕೊಂಡಿದ್ದ.

ಹುಬ್ಬಳ್ಳಿಯ ಸ್ಪೇರ್ ಅಂಗಡಿಗೆ ಹೋದೆ. “ಯಾವ ಮಾಡೆಲ್ರೀ? ಹೌಸಿಂಗ್ ಯಾವ್ದು?” ಎಂದರು. ನನ್ನ ಕೈಯಲ್ಲಿದ್ದದ್ದು ಆರ್.ಸಿ. ಪುಸ್ತಕವೊಂದೇ. ಅದರಲ್ಲಿ ಪೆಟ್ರೋಲ್ ಎಂದಿದೆ. ಬಾನೆಟ್ ಎತ್ತಿದರೆ ಡೀಸೆಲ್ ಎಂಜಿನ್. ನಾನು ಹುಟ್ಟುವ ಮೊದಲೇ ಅಪ್ಪ ಅದನ್ನು ಸರಕಾರಿ ಲಿಲಾವಿನಲ್ಲಿ ಹಿಡಿದದ್ದು. ಆಮೇಲೆ ಏನೇನು ಬದಲಾಯಿತೋ ಅವನಿಗೂ ಪೂರ್ತಿ ನೆನಪಿಲ್ಲ. “ಅಪ್ಪಾರನ್ನ ಕರ್ಕೊಂಡು ಬರ್ರಿ” ಎಂದರು.

ನಾನು ಹಸ್ತಪ್ರತಿಗಳ ಮೇಲೆ ಸಂಶೋಧನೆ ಮಾಡುವವಳು. ಕೊನೆಯಲ್ಲಿ ಲಿಪಿಕಾರ ಬರೆದ ಕಾಲವನ್ನಷ್ಟೇ ನಂಬಬೇಡ, ಗರಿಗರಿಯನ್ನೂ ನೋಡು ಎಂಬುದು ನಮಗೆ ಮೊದಲು ಕಲಿಸುವ ಪಾಠ. ಜೀಪಿಗೂ ಅದೇ ಬೇಕಿತ್ತು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಅಮೆರಿಕದ ವಿಲ್ಲೀಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಎತ್ತರದ ಎಂಜಿನ್ ಹಿಡಿಸಲೆಂದು ಬಾನೆಟ್ ಎತ್ತರಿಸಿದ ಸಿಜೆ-3ಬಿ ಅಲ್ಲಿ ಬಂದದ್ದು 1953ರಲ್ಲಿ, ನಿಂತದ್ದು 1968ರಲ್ಲಿ. ಇಲ್ಲಿ ಮಾತ್ರ ಅದೇ ಮೈಕಟ್ಟು ಮುಂದೆಯೂ ದಶಕಗಟ್ಟಲೆ ನಡೆಯಿತು. ನಡುವೆ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಕೂಡ ಅದರೊಳಗೆ ಕೂತಿತು. ಮೈಕಟ್ಟು ಒಂದೇ ಆದ್ದರಿಂದ ಒಂದು ಜೀಪಿನ ಭಾಗ ಇನ್ನೊಂದಕ್ಕೆ ಕೂರುತ್ತದೆ. ಹಾಗಾಗಿಯೇ ನಮ್ಮ ಕಡೆಯ ಹಳೆ ಜೀಪುಗಳಲ್ಲಿ ಪೂರ್ತಿ ಒಂದೇ ಇಸವಿಯದು ಸಿಗುವುದು ಅಪರೂಪ.

ಸೀಮೆಎಣ್ಣೆ, ತಂತಿ ಬ್ರಷ್ಷು ಹಿಡಿದು ಕೆಳಗೆ ಮಲಗಿದೆ. ಮೊದಲು ಟ್ರಾನ್ಸ್‌ಫರ್ ಕೇಸ್: ಗೇರ್‌ಬಾಕ್ಸಿನ ಹಿಂದೆ ಕೂತು ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆ. ನೆಲದಿಂದ ಎದ್ದ ಮೂರು ಕೋಲುಗಳಲ್ಲಿ ಎರಡು ಅದರವೇ. ಒಂದು ಮುಂದಿನ ಗಾಲಿಗಳನ್ನು ಕೂಡಿಸಲು, ಇನ್ನೊಂದು ಎರೆಹೊಲದ ಕೆಸರಿನಲ್ಲಿ ನಿಧಾನ ಎಳೆಯಲು. ಅದರಿಂದ ಹೊರಡುವ ಪ್ರೊಪೆಲ್ಲರ್ ಶಾಫ್ಟುಗಳು ನಡುವಿನಲ್ಲಿಲ್ಲ, ಒಂದು ಮಗ್ಗುಲಿಗಿವೆ. ಅದಕ್ಕೇ ಹೌಸಿಂಗಿನ ಗುಂಡು ಹೊಟ್ಟೆಯೂ ಓರೆಗಿದೆ. ಹಿಂದಿನ ಹೌಸಿಂಗಿನ ಜಿಡ್ಡು ತೆಗೆದಾಗ ಎರಕದಲ್ಲೇ ಉಬ್ಬಿದ 44 ಎಂಬ ಅಂಕಿ ಎದ್ದಿತು. ಜೀಪು ಬಲ್ಲವರಿಗೆ ಆ ಅಂಕಿಯೇ ಹೆಸರು. ಮುಂದಿನದರ ಮೇಲೆ ಓದಲು ಬರುವ ಅಂಕಿ ಉಳಿದಿರಲಿಲ್ಲ.

ಅದರ ಹಲ್ಲಿನ ಲೆಕ್ಕ ಹಿಂದಿನದಕ್ಕೆ ಕೂಡುತ್ತದೆಯೇ ಎಂದು ಸುಣ್ಣದ ಕಡ್ಡಿಯಿಂದ ನೋಡಿದೆವು. ಒಂದು ಗಾಲಿ ಎತ್ತಿ, ಉಳಿದವಕ್ಕೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟೆವು. ಈ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಗಾಲಿಯನ್ನಲ್ಲ, ಶಾಫ್ಟನ್ನು. ಅದನ್ನು ಬಿಟ್ಟ ಮೇಲೆ ಕಲ್ಲೇ ಗತಿ. ಎತ್ತಿದ ಗಾಲಿಯನ್ನು ಎರಡು ಸುತ್ತು ಹಾಕಿದೆ. ಜೊತೆಯ ಗಾಲಿ ನಿಂತಿರುವುದರಿಂದ ಎರಡು ಸುತ್ತೇ ಒಂದಕ್ಕೆ ಸಮ. ಶಾಫ್ಟು ಐದು ಸುತ್ತು ಮುಗಿಸಿ, ಆರನೆಯದು ಅರ್ಧ ಮುಟ್ಟುವ ಮೊದಲೇ ನಿಂತಿತು. 43 ಹಲ್ಲಿನ ಕ್ರೌನು, 8 ಹಲ್ಲಿನ ಪಿನಿಯನ್ನು: 5.38. ಮುಂದೆಯೂ ಅಷ್ಟೇ ಬಂತು. ಅಲ್ಲಿ ಬೇರೆ ಬಂದಿದ್ದರೆ ನಾಲ್ಕೂ ಗಾಲಿ ಕೂಡಿಸಿದಾಗ ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಜಗಳಕ್ಕೆ ಬೀಳುತ್ತಿದ್ದವು.

ಇನ್ನು ಸ್ಟೇರಿಂಗ್. ಈ ಕೆಲಸ ಒಬ್ಬರಿಂದ ಆಗುವುದಿಲ್ಲ. ಮೇಲೆ ಒಬ್ಬರು ತಿರುಗಿಸಬೇಕು, ಕೆಳಗೆ ಒಬ್ಬರು ಚಲನೆ ಎಲ್ಲಿ ಕಳೆದುಹೋಗುತ್ತದೆಂದು ನೋಡಬೇಕು. ಅಪ್ಪ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬಂದು ಕೂತ.

“ಹೊಳ್ಳಸ್ಲ್ಯಾ?”

“ಹ್ಞೂಂ, ಮೆತ್ತಗ. ಗಾಲಿ ಅಳ್ಳಾಡೂದ್ರೊಳಗ ನಿಲ್ಲಸು.”

ಒಂದೊಂದು ಸಂದಿಯನ್ನೂ ಮುಷ್ಟಿಯಲ್ಲಿ ಹಿಡಿದೆ. ಸಡಿಲವು ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆ. ಬಾಕ್ಸಿನಲ್ಲಿ ಒಂದಿಷ್ಟು. ಅಲ್ಲಿಂದ ಹೊರಡುವ ಡ್ರ್ಯಾಗ್ ಲಿಂಕಿನ ಎರಡು ತುದಿಗಳಲ್ಲಿ ಒಂದಿಷ್ಟು. ರೇಡಿಯೇಟರಿನ ಕೆಳಗೆ ಅಡ್ಡಪಟ್ಟಿಗೆ ನಿಂತ ಬೆಲ್ ಕ್ರ್ಯಾಂಕ್ ಎಂಬ ಕವಲಂತೂ ತಿರುಗುವ ಮೊದಲು ಸುಮ್ಮನೆ ವಾಲುತ್ತಿತ್ತು. ಅಲ್ಲಿಂದ ಎರಡೂ ಗಾಲಿಗೆ ಹೋಗುವ ಟೈ ರಾಡುಗಳ ತುದಿಗಳಲ್ಲಿ ಮತ್ತಿಷ್ಟು. ಕೊನೆಗೆ ಗಾಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿದೆ, ಆಟವಿತ್ತು. ಅಪ್ಪನಿಗೆ ಬ್ರೇಕ್ ತುಳಿಯಲು ಹೇಳಿದೆ. ತುಳಿದಾಗ ಆಟ ನಿಂತರೆ ದೋಷ ಗಾಲಿಯ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್‌ಪಿನ್ನಿನದು. ನಿಲ್ಲಲಿಲ್ಲ.

ಒಂದೇ ದೊಡ್ಡ ದೋಷ ಹುಡುಕಿಕೊಂಡು ಹೋದವಳಿಗೆ ಸಿಕ್ಕದ್ದು ಹತ್ತು ಸಣ್ಣ ಸವೆತಗಳು. ಕೂಡಿಸಿದರೆ ಒಂದು ಗೇಣು. ಅಂಗಡಿಯವರು ಕೇಳುವ ಮೊದಲೇ ಹಳೆಯ ಟೈ ರಾಡಿನ ತುದಿಯನ್ನು ಚೀಲದಲ್ಲಿಟ್ಟುಕೊಂಡು ಮತ್ತೆ ಹುಬ್ಬಳ್ಳಿಗೆ ಹೋದೆ. “ಇದನ್ನ ಮೊದ್ಲ ತರಬೇಕಿಲ್ಲೇನ್ರೀ” ಎಂದು ತೆಗೆದುಕೊಟ್ಟರು.

ಬೆಲ್ ಕ್ರ್ಯಾಂಕಿಗೆ ಶಿಗ್ಗಾವಿಯ ಲೇತಿನ ಚಾಚಾ ಗನ್‌ಮೆಟಲ್ ಬುಷ್ ಕಡೆದುಕೊಟ್ಟರು. ಪಿನ್ನಿನಲ್ಲಿ ಹಾಕಿ ನೋಡಿ, ತೆಗೆದು, ಕೂದಲೆಳೆಯಷ್ಟು ಕೆರೆದು, ಮತ್ತೆ ಹಾಕಿದರು. “ಬಿಗಿ ಇರಬೇಕು ಬೇಟಿ, ಆದ್ರ ಹಿಡೀಬಾರ್ದು. ಗ್ರೀಸಿಗೆ ಜಾಗಾ ಬೇಕು.” ಕಿಂಗ್‌ಪಿನ್ನಿಗೆ ಹೊಸ ಬೇರಿಂಗ್ ಹಾಕಿ, ಮುಚ್ಚಳದ ಕೆಳಗಿನ ತೆಳು ತಗಡಿನ ಶಿಮ್‌ಗಳನ್ನು ಒಂದೊಂದಾಗಿ ತೆಗೆದು ಬಿಗಿ ನೋಡಿದೆವು. ಎರಡೂ ಬದಿ ಒಂದೇ ಬಿಗಿ ಬಂದಿದೆಯೇ ಎಂದು ಅಳೆದದ್ದು ಮೆಣಸಿನಕಾಯಿ ತೂಗುವ ಸ್ಪ್ರಿಂಗ್ ತಕ್ಕಡಿಯಿಂದ, ಗಾಲಿ ಹಿಡಿಯುವ ಗುಂಡನ್ನು ಎಳೆದು. ಪ್ರತಿ ನಟ್ಟಿಗೂ ಹೊಸ ಸ್ಪ್ಲಿಟ್ ಪಿನ್ ಹಾಕಿದೆವು. ದಾರ ಕಟ್ಟಿ ಮುಂಗಾಲಿಗಳ ಅಂತರ ಹಿಂದಿಗಿಂತ ಮುಂದೆ ಒಂದೆರಡು ಮಿಲಿಮೀಟರ್ ಕಡಿಮೆ ಬರುವಂತೆ ಟೈ ರಾಡ್ ಹೊಂದಿಸಿದೆವು. ಬಾಕ್ಸಿನ ಸ್ಕ್ರೂ ಮುಟ್ಟಿದ್ದು ಎಲ್ಲಕ್ಕಿಂತ ಕೊನೆಗೆ, ಕಾಲು ಸುತ್ತೂ ಇಲ್ಲ. ಒಂದು ಗೇಣು ಇದ್ದದ್ದು ಎರಡು ಬೆರಳಿಗೆ ಬಂತು.

ಡಾಕ್ಟರು ಒಪ್ಪಿದ ಮೇಲೆ ಅಪ್ಪನೇ ಮೊದಲು ಹೊಡೆದ. ಊರು ದಾಟುವುದರೊಳಗೆ ಜೀಪು ಹಾವಿನಂತೆ ಹೊರಳತೊಡಗಿತು. ಏನೋ ತಪ್ಪಿದೆ ಎಂದು ನನ್ನ ಎದೆ ಹೊಡೆದುಕೊಂಡಿತು. ಆಮೇಲೆ ಅವನ ಕೈ ನೋಡಿದೆ. ಅದು ಇಲ್ಲದ ಆಟಕ್ಕೆ ಇನ್ನೂ ತಿದ್ದುತ್ತಿತ್ತು, ಎಡಕ್ಕೆ, ಬಲಕ್ಕೆ. ಅವನು ಆಡಿಸಿದ್ದಷ್ಟೂ ಈಗ ಗಾಲಿಗೆ ಮುಟ್ಟುತ್ತಿತ್ತು.

“ಅಪ್ಪಾ, ಕೈ ಸುಮ್ನ ಇಡು.”

ಅವನು ಪ್ರಯತ್ನಪಟ್ಟ. ಆಗಲಿಲ್ಲ. ಹತ್ತಿ ಹೊಲದ ತಿರುವಿನ ಮೊದಲು ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತ. ಬೇರೆಯವರ ಮನೆಯ ಎತ್ತು ಮುಟ್ಟಿದಂತೆ ಅದನ್ನು ಮುಟ್ಟುತ್ತಿದ್ದ. ನಾನು ರಿಪೇರಿ ಮಾಡಿದ್ದರಲ್ಲಿ ಅವನದೇನೋ ಕಳೆದಿತ್ತು. ಅದನ್ನು ಹೇಗೆ ಕೇಳಬೇಕೆಂದು ನನಗೆ ತಿಳಿಯಲಿಲ್ಲ.

“ನೀನ ಹೊಡಿ,” ಎಂದು ಕೆಳಗಿಳಿದ. “ನಾ ಬಾಜೂಕ ಕುಂತು ಕಲೀತೀನಿ.”