ಕಿಟಕಿ ಎರಡು, ಜೇಬು ಒಂದೇ

ಕಂಪ್ಯೂಟರಿನಲ್ಲಿ ಒಂದೇ ತಂತ್ರಾಂಶವನ್ನು ಎರಡು ಸಲ ತೆರೆಯೋದು ನಾವೆಲ್ಲ ದಿನಾ ಮಾಡೋ ಕೆಲಸ. ಹಾಗೆ ತೆರೆದದ್ದು ನಿಜವಾಗಿ ಎರಡಾಗಿದೆಯೋ, ಇಲ್ಲಾ ನೋಡೋಕೆ ಮಾತ್ರ ಎರಡೋ ಅಂತ ಯಾರೂ ಕೇಳಿಕೊಳ್ಳೋದಿಲ್ಲ. ಕೇಳೋ ಅಗತ್ಯವೂ ಸಾಮಾನ್ಯವಾಗಿ ಬರೋದಿಲ್ಲ. ಬಂದಾಗ ಮಾತ್ರ ಯಾರದ್ದೋ ಕಾಗದಪತ್ರ, ಯಾರದ್ದೋ ಫೀಸು ಅದರೊಳಗೆ ಸಿಕ್ಕಿಕೊಂಡಿರುತ್ತೆ. ಇವತ್ತು ಅದನ್ನೇ ಬರೆಯೋಣ ಅಂತ ಕೂತಿದ್ದೀನಿ. ತಾಂತ್ರಿಕ ವಿಷಯ ಅಂತ ಅರ್ಧಕ್ಕೇ ಎದ್ದುಹೋಗಬೇಡಿ, ಸುಲಭವಾಗಿಯೇ ಹೇಳ್ತೀನಿ :-)

ಮೊದಲು ಒಂದು ಚಿಕ್ಕ ಪಾಠ. ಡಿಸ್ಕಿನಲ್ಲಿ ಸುಮ್ಮನೆ ಬಿದ್ದಿರೋ ತಂತ್ರಾಂಶ ಅಂದ್ರೆ ಬರೆದಿಟ್ಟ ಸಾರಿನ ವಿಧಾನ. ಅದನ್ನು ಓಡಿಸೋದು ಅಂದ್ರೆ ಒಲೆ ಹಚ್ಚಿ ಸಾರು ಮಾಡೋದು. ವಿಧಾನ ಒಂದೇ ಆದ್ರೂ ಎರಡು ಒಲೆ ಮೇಲೆ ಎರಡು ಪಾತ್ರೆ ಇಡಬಹುದು. ಒಂದು ಪಾತ್ರೆಯಲ್ಲಿ ಉಪ್ಪು ಜಾಸ್ತಿಯಾದ್ರೆ ಇನ್ನೊಂದಕ್ಕೇನೂ ಆಗಲ್ಲ. ಆದ್ರೆ ಎಷ್ಟೋ ತಂತ್ರಾಂಶಗಳು ನಾವು ಎರಡನೇ ಸಲ ತೆರೆದಾಗ ಎರಡನೇ ಒಲೆ ಹಚ್ಚೋದೇ ಇಲ್ಲ, ಅದೇ ಪಾತ್ರೆಗೆ ಇನ್ನೊಂದು ಸೌಟು ಹಾಕಿ ಕೊಡುತ್ತವೆ.

ಎಕ್ಸೆಲ್ ನೋಡಿ. ಎರಡು ಫೈಲು ತೆರೆದ್ರೆ ಎರಡು ಕಿಟಕಿ ಕಾಣುತ್ತೆ, ಆದ್ರೆ ಸಾಮಾನ್ಯವಾಗಿ ಒಳಗೆ ಓಡ್ತಿರೋದು ಒಂದೇ ಎಕ್ಸೆಲ್. ಅದಕ್ಕೇ ಒಂದು ಫೈಲಿನಲ್ಲಿ ಕೂತು ಕಂಟ್ರೋಲ್ ಝಡ್ ಒತ್ತುತ್ತಾ ಹೋದ್ರೆ ಇನ್ನೊಂದು ಫೈಲಿನಲ್ಲಿ ಮಾಡಿದ ಬದಲಾವಣೆಯೂ ವಾಪಸ್ ಆಗೋದು. ಒಂದು ದೊಡ್ಡ ಲೆಕ್ಕ ಸಿಕ್ಕಿಹಾಕಿಕೊಂಡ್ರೆ ಇನ್ನೊಂದು ಫೈಲೂ ಅಲ್ಲಾಡದೆ ನಿಲ್ಲುತ್ತೆ. ನಿಜವಾದ ಎರಡನೇ ಎಕ್ಸೆಲ್ ಬೇಕಿದ್ರೆ ಆಲ್ಟ್ ಕೀಲಿ ಒತ್ತಿ ಹಿಡಿದು ಎಕ್ಸೆಲ್ ತೆರೆಯಬೇಕು. ಆಗ ಅದು, ಹೊಸದಾಗಿ ಬೇರೆಯದನ್ನೇ ಶುರು ಮಾಡಲೇ ಅಂತ ಕೇಳುತ್ತೆ.

ಬ್ರೌಸರಿನ ಕಥೆ ಇನ್ನೂ ಸ್ವಾರಸ್ಯ. ಇಂದಿರಾನಗರದ ಸೈಬರ್ ಸೆಂಟರುಗಳಲ್ಲಿ ಗಂಟೆ ಲೆಕ್ಕದಲ್ಲಿ ಕೂತವರಿಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ನೆನಪಿರಬೇಕು. ಅದರಲ್ಲಿ ಕಂಟ್ರೋಲ್ ಎನ್ ಒತ್ತಿ ಹೊಸ ಕಿಟಕಿ ತೆರೆದ್ರೆ ಮೊದಲನೇ ಕಿಟಕಿಯ ಲಾಗಿನ್ನೇ ಅಲ್ಲಿಗೂ ಬರ್ತಿತ್ತು. ಅದೇ ಸ್ಟಾರ್ಟ್ ಮೆನುವಿಗೆ ಹೋಗಿ ಇನ್ನೊಮ್ಮೆ ಎಕ್ಸ್‌ಪ್ಲೋರರ್ ಶುರು ಮಾಡಿದ್ರೆ ಬೇರೆ ಪಾತ್ರೆ, ಬೇರೆ ಒಲೆ. ಒಂದೇ ಮೇಲ್ ತಾಣದಲ್ಲಿ ಒಂದರಲ್ಲಿ ಅಣ್ಣನ ಖಾತೆ, ಇನ್ನೊಂದರಲ್ಲಿ ನನ್ನ ಖಾತೆ ಅಂತ ಇಬ್ಬರೂ ಒಂದೇ ಗಂಟೆಯ ದುಡ್ಡಿನಲ್ಲಿ ಮೇಲ್ ನೋಡಿ ಮುಗಿಸ್ತಿದ್ವಿ. 2009ರಲ್ಲಿ ಬಂದ ಎಕ್ಸ್‌ಪ್ಲೋರರ್ 8 ಇದನ್ನು ಬದಲಾಯಿಸ್ತು. ಎಷ್ಟು ಸಲ ಶುರು ಮಾಡಿದ್ರೂ ಲಾಗಿನ್ ಒಂದೇ. ಬೇರೆ ಬೇಕಿದ್ರೆ ಫೈಲ್ ಮೆನುವಿಗೆ ಹೋಗಿ 'ನ್ಯೂ ಸೆಷನ್' ಆರಿಸಬೇಕಿತ್ತು. ಎಷ್ಟು ಜನ ಆ ಮೆನು ತೆರೆದು ನೋಡಿರ್ತಾರೆ ಹೇಳಿ?

ಇದೆಲ್ಲ ಯಾಕೆ ಮುಖ್ಯ ಅನ್ನೋದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡದ್ದು ಹಲಸೂರಿನ ಒಂದು ಓಣಿಯಲ್ಲಿ. ಜೆರಾಕ್ಸ್, ಪ್ರಿಂಟು, ಆನ್‌ಲೈನ್ ಅರ್ಜಿ ಎಲ್ಲಾ ಮಾಡಿಕೊಡೋ ಪುಟ್ಟ ಅಂಗಡಿ. ನಾನು ಬಾಡಿಗೆ ಕರಾರಿನ ಪ್ರಿಂಟಿಗೆ ಹೋಗಿದ್ದೆ. ಒಬ್ಬ ತಾಯಿ ಮಗಳನ್ನು ಕರಕೊಂಡು ಬಂದಿದ್ರು, ವಿದ್ಯಾರ್ಥಿವೇತನದ ಅರ್ಜಿ ಹಾಕೋಕೆ. ಆಕೆ ನಾಲ್ಕು ಮನೆ ಕೆಲಸ ಮಾಡೋರು, ಅವತ್ತು ಎರಡು ಮನೆಗೆ ರಜ ಹೇಳಿ ಬಂದಿದ್ರು. ಕೊನೇ ದಿನಕ್ಕೆ ಎರಡೇ ದಿನ ಬಾಕಿ. ಮಗಳ ಆದಾಯ ಪ್ರಮಾಣಪತ್ರ ಫೋನಿನಿಂದ ಬರೋದು ತಡವಾಯ್ತು. ಅಷ್ಟರಲ್ಲಿ ಅದೇ ವಿದ್ಯಾರ್ಥಿವೇತನಕ್ಕೆ ಇನ್ನೊಬ್ಬ ಹುಡುಗ ಬಂದ. ಸುಮ್ಮನೆ ಕಾಯೋದ್ಯಾಕೆ ಅಂತ ಅಂಗಡಿಯ ಹುಡುಗ ಹೊಸ ಕಿಟಕಿ ತೆರೆದ. ಅಲ್ಲಿ ಆಗಲೇ ಮಗಳ ಖಾತೆ ತೆರೆದುಕೊಂಡಿತ್ತು. ಅದನ್ನು ಲಾಗ್‌ಔಟ್ ಮಾಡಿ, ಈ ಹುಡುಗನ ಹೆಸರಲ್ಲಿ ಒಳಗೆ ಹೋದ.

ಪ್ರಮಾಣಪತ್ರ ಬಂತು. ಹಳೇ ಕಿಟಕಿಗೆ ವಾಪಸ್ ಬಂದ. ಅಲ್ಲಿ ಇನ್ನೂ ಮಗಳ ಹೆಸರೇ ಕಾಣ್ತಿತ್ತು. ಪ್ರಮಾಣಪತ್ರ ಸೇರಿಸಿ 'ಸೇವ್' ಒತ್ತಿದ. ಮುಂದಿನ ಪುಟ ಬಂತು. ಉಳಿದಿದ್ದು 'ಫೈನಲ್ ಸಬ್ಮಿಟ್' ಒಂದೇ, ಅದನ್ನು ಒತ್ತಿದ ಮೇಲೆ ಏನೂ ತಿದ್ದೋಕೆ ಬರಲ್ಲ.

"ತಡಿಯಪ್ಪಾ, ಅದು ನನ್ನ ಮಗಳ ಹೆಸರಲ್ಲ" ಅಂದ್ರು ಆ ತಾಯಿ.

"ಅವಳದ್ದೇ ಅಮ್ಮಾ, ಈಗ ತಾನೇ ಹಾಕಿದ್ನಲ್ಲ."

"ನಂಗೆ ಇಂಗ್ಲಿಷು ಓದಕ್ಕೆ ಬರಲ್ಲ. ಆದ್ರೆ ಅವಳ ಹೆಸರು ಇಷ್ಟುದ್ದ ಇಲ್ಲ ಕಣಪ್ಪಾ."

ನಿಜ. ಮಗಳದ್ದು ನಾಲ್ಕೇ ಅಕ್ಷರದ ಹೆಸರು. ಮೇಲೆ ಕಾಣ್ತಿದ್ದದ್ದು ಆ ಹುಡುಗನ ಹೆಸರು, ಇನಿಶಿಯಲ್ ಸಮೇತ. ಮಗಳ ಆದಾಯ ಪ್ರಮಾಣಪತ್ರ ಹೋಗಿ ಹುಡುಗನ ಅರ್ಜಿಯಲ್ಲಿ ಕೂತಿತ್ತು. ಇನ್ನೊಂದು ಸಲ ಒತ್ತಿದ್ದಿದ್ರೆ ಇಬ್ಬರಿಗೂ ಆ ವರ್ಷದ ದುಡ್ಡು ಕಷ್ಟವಾಗ್ತಿತ್ತು. ಓದು ಬರದ ತಾಯಿ ಹೆಸರಿನ ಉದ್ದ ಅಳೆದು ಇಬ್ಬರು ಮಕ್ಕಳನ್ನು ಉಳಿಸಿದ್ರು.

ಒಳಗೆ ನಡೆದದ್ದು ಇಷ್ಟೇ. ಹಲಸೂರಿನ ಸೋಮೇಶ್ವರ ಗುಡಿಗೋ ಇನ್ಯಾವ ಗುಡಿಗೋ ಹೋದಾಗ ಚಪ್ಪಲಿ ಬಿಟ್ಟು ಟೋಕನ್ ತಗೊಳ್ತೀವಲ್ಲ, ಹಾಗೆ ಲಾಗಿನ್ ಆದಾಗ ಜಾಲತಾಣ ಬ್ರೌಸರಿಗೆ ಒಂದು ಟೋಕನ್ ಕೊಡುತ್ತೆ. ಅದಕ್ಕೇ ಕುಕಿ ಅನ್ನೋದು. ಆಮೇಲೆ ಪ್ರತಿ ಸಲ ಏನಾದ್ರೂ ಕಳಿಸುವಾಗ ಬ್ರೌಸರು ಆ ಟೋಕನ್ ತೋರಿಸುತ್ತೆ. ಕಿಟಕಿ ಎಷ್ಟೇ ಇದ್ರೂ ಟೋಕನ್ ಇಟ್ಟುಕೊಳ್ಳೋ ಜೇಬು ಒಂದೇ. ಎರಡನೆಯವನು ಒಳಗೆ ಬಂದ ಕೂಡಲೇ ಅದೇ ತಾಣದ ಹಳೇ ಟೋಕನ್ ಹೋಗಿ ಹೊಸದು ಕೂರುತ್ತೆ. ಹಳೇ ಕಿಟಕಿಯಲ್ಲಿ ಕಾಣೋ ಹೆಸರು ಬರೀ ಹಿಂದೆ ಬರೆದ ಚಿತ್ರ. 'ಸೇವ್' ಒತ್ತಿದಾಗ ಹೋಗೋದು ಜೇಬಿನಲ್ಲಿರೋ ಟೋಕನ್ನೇ.

"ಸಾರ್, ಟಾಸ್ಕ್ ಮ್ಯಾನೇಜರಲ್ಲಿ ನೋಡಿ, ಕ್ರೋಮ್ ಹದಿನೈದು ಇದೆ" ಅಂದ ಆ ಹುಡುಗ. ಒಳ್ಳೇ ಪ್ರಶ್ನೆ. 2008ರಲ್ಲಿ ಕ್ರೋಮ್ ಬಂದಾಗಿನಿಂದಲೂ ಅದು ಪುಟಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಲ್ಲಿ ಓಡಿಸುತ್ತೆ, ಒಂದು ಪುಟ ಕೆಟ್ಟು ನಿಂತ್ರೆ ಉಳಿದವು ಉಳೀಲಿ ಅಂತ. ಕೈಗಳು ಹದಿನೈದು, ಜೇಬು ಮಾತ್ರ ಒಂದೇ. ಇನ್‌ಕಾಗ್ನಿಟೋ ಕಿಟಕಿಗೆ ಬೇರೆ ಜೇಬಿದೆ ನಿಜ. ಆದ್ರೆ ಎರಡು ಇನ್‌ಕಾಗ್ನಿಟೋ ಕಿಟಕಿ ತೆರೆದ್ರೆ ಆ ಎರಡಕ್ಕೂ ಸೇರಿ ಒಂದೇ ಜೇಬು. ಬಹಳ ಜನ ಎಡವೋದು ಇಲ್ಲೇ.

ಎಲ್ಲಾ ಅಳಿಸಿ, ಒಬ್ಬರಾದ ಮೇಲೆ ಒಬ್ಬರದ್ದು ಮುಗಿಸಿದ್ವಿ. ಆಮೇಲೆ ಅರ್ಧ ಗಂಟೆ ಕೂತು ಆ ಹುಡುಗನಿಗೆ ಬೇರೆ ಜೇಬು ಹೊಲಿಯೋದು ತೋರಿಸಿದೆ. ಕ್ರೋಮಿನ ಮೂಲೆಯ ಗುಂಡು ಚಿತ್ರ ಒತ್ತಿ ಹೊಸ ಪ್ರೊಫೈಲ್ ಮಾಡಿದ್ರೆ ಅದಕ್ಕೆ ಪೂರ್ತಿ ಬೇರೆ ಜೇಬು. ಫೈರ್‌ಫಾಕ್ಸ್ ಆದ್ರೆ ಅದರ ಹೆಸರಿನ ಮುಂದೆ ಅಡ್ಡಗೆರೆ ಹಾಕಿ ಪಿ ಅಕ್ಷರ ಬರೆದು ಓಡಿಸಿದ್ರೆ ಯಾವ ಪ್ರೊಫೈಲ್ ಅಂತ ಕೇಳುತ್ತೆ. ಒಂದೇ ಪ್ರೊಫೈಲನ್ನು ಎರಡು ಫೈರ್‌ಫಾಕ್ಸ್‌ಗಳು ಒಟ್ಟಿಗೆ ಮುಟ್ಟದ ಹಾಗೆ ಅದು ಬೀಗವನ್ನೂ ಹಾಕಿಕೊಳ್ಳುತ್ತೆ. ಗಿರಾಕಿಗಳ ಅಂಗಡಿಗೆ ಮಾತ್ರ ಕ್ರೋಮಿನ ಗೆಸ್ಟ್ ಕಿಟಕಿಯೇ ಒಳ್ಳೇದು, ಮುಚ್ಚಿದ ಮೇಲೆ ಯಾರ ಲಾಗಿನ್ನೂ ಉಳಿಯಲ್ಲ. ಗೆಸ್ಟ್ ಒಬ್ಬರಿಗೆ, ಇನ್‌ಕಾಗ್ನಿಟೋ ಇನ್ನೊಬ್ಬರಿಗೆ ಅಂದ್ರೆ ಇಬ್ಬರ ಕೆಲಸ ಒಟ್ಟಿಗೆ ನಡೆಯುತ್ತೆ.

ಫೋನಿನಲ್ಲೂ ಇದೇ ಪಾಡು. ಒಂದೇ ಫೋನಿನಲ್ಲಿ ಅಂಗಡಿಗೊಂದು ನಂಬರು, ಮನೆಗೊಂದು ನಂಬರು ಇಟ್ಟುಕೊಂಡೋರು ವಾಟ್ಸಾಪ್ ಎರಡಾಗಿಸೋಕೆ ಏನೇನೋ ಕಸರತ್ತು ಮಾಡ್ತಿದ್ರು. ಆಂಡ್ರಾಯ್ಡಿನಲ್ಲಿ ಎರಡು ಖಾತೆ ಇಡೋ ಸೌಲಭ್ಯವನ್ನು ವಾಟ್ಸಾಪೇ ಪ್ರಕಟಿಸಿದ್ದು 2023ರ ಅಕ್ಟೋಬರಿನಲ್ಲಿ.

ಯೋಚಿಸಿದ್ರೆ ನಮ್ಮ ಊರೂ ಹೀಗೇ ಬೆಳೆದದ್ದು. ಬೆಂಗಳೂರು ಅನ್ನೋ ಹೆಸರಿನಡಿ 1862ರಿಂದ ಪೇಟೆಗೊಂದು ಪುರಸಭೆ, ದಂಡಿಗೊಂದು ಪುರಸಭೆ. 1881ರಲ್ಲಿ ರಾಜ್ಯ ಒಡೆಯರಿಗೆ ವಾಪಸ್ ಬಂದಾಗಲೂ ಶಿವಾಜಿನಗರ, ಹಲಸೂರಿನ ಈ ಕಡೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ 1947ರವರೆಗೂ ಬ್ರಿಟಿಷರ ಕೈಯಲ್ಲೇ ಉಳೀತು. ಬೇರೆ ಆಡಳಿತ, ಬೇರೆ ಬೊಕ್ಕಸ. ಅವು ನಿಜವಾಗಿ ಎರಡು. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯ್ತು. ಪ್ರತ್ಯೇಕ ನಗರಸಭೆಯಾಗಿದ್ದ ಕೆ.ಆರ್.ಪುರ 2007ರಲ್ಲಿ ಬಿಬಿಎಂಪಿಯೊಳಗೆ ಬಂತು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಐದು ಪಾಲಿಕೆಗಳಾಗಿ, ಶಿವಾಜಿನಗರ ಕೇಂದ್ರಕ್ಕೆ, ಕೆ.ಆರ್.ಪುರ ಪೂರ್ವಕ್ಕೆ ಹೋಯ್ತು. ಪಾಲಿಕೆ ಐದಾದ್ರೂ ನಲ್ಲಿ ನೀರು ಬಿಡೋ ಜಲಮಂಡಳಿ ಒಂದೇ, ಕರೆಂಟು ಕೊಡೋ ಬೆಸ್ಕಾಂ ಒಂದೇ. ಹಾಗಾಗಿ ಇಲ್ಲೂ ಬೋರ್ಡು ಎಷ್ಟಿವೆ ಅಂತ ಎಣಿಸಿದ್ರೆ ಸಾಲದು. ಯಾವುದು ಬೇರೆ, ಯಾವುದು ಹಂಚಿಕೊಂಡದ್ದು ಅಂತ ಕೇಳಬೇಕು.

ಈಗ ಪಿಂಚಣಿ, ಫೀಸು, ಪ್ರಮಾಣಪತ್ರ ಎಲ್ಲಾ ಬ್ರೌಸರಿನೊಳಗೇ. ಸ್ವಂತ ಕಂಪ್ಯೂಟರ್ ಇಲ್ಲದೋರು ಇಂಥ ಅಂಗಡಿಗಳನ್ನೇ ನಂಬಿಕೊಂಡಿದ್ದಾರೆ. ನಿಮ್ಮ ಬೀದಿಯಲ್ಲೂ ಒಂದು ಇದ್ದೇ ಇರುತ್ತೆ. ಮುಂದಿನ ಸಲ ಪ್ರಿಂಟಿಗೆ ಹೋದಾಗ ಐದು ನಿಮಿಷ ನಿಂತು ಅಲ್ಲಿನೋರಿಗೆ ಈ ಜೇಬಿನ ವಿಷಯ ಹೇಳಿ ಬನ್ನಿ. ಪ್ರತಿ ಸಲ ಹೆಸರಿನ ಉದ್ದ ಅಳೆಯೋ ತಾಯಿ ಪಕ್ಕದಲ್ಲಿ ನಿಂತಿರಬೇಕಲ್ಲ.